ಎರಿ ದಾರಿಗೊಂದು ಮೋಟಾರ್ ಸೈಕಲ್ಲು

"ಚಿಗವ್ವ, ಗಾಡಿ ಕಾಲ ಮ್ಯಾಲ ಬಿದ್ದದ. ಎತ್ತಾಕ ಆಗವಲ್ದು."

ಹೋದ ಹಿಂಗಾರಿ ಮಳೆಯಲ್ಲಿ ಒಂದು ಸಂಜೆ ಫೋನಿನಲ್ಲಿ ಕೇಳಿದ ಈ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಮಾತನಾಡಿದವಳು ನನ್ನ ಅಕ್ಕನ ಮಗಳು. ನಮ್ಮ ದೇವರ ಹಿಪ್ಪರಗಿಯಿಂದ 12 ಕಿಲೋಮೀಟರ್ ದೂರದ ತೋಟದ ವಸ್ತಿ ಶಾಲೆಯಲ್ಲಿ ಶಿಕ್ಷಕಿ. ಡಾಂಬರು ರಸ್ತೆ ಮುಗಿದ ಮೇಲೂ ಮೂರು ಕಿಲೋಮೀಟರ್ ಎರಿ ಹೊಲದ ದಾರಿ. ಅವಳ ಸ್ಕೂಟರು ಆ ದಾರಿಗೆ ಸೋತಿತೆಂದು ಸೋದರಮಾವನ ಭಾರೀ ಮೋಟಾರ್ ಸೈಕಲ್ಲನ್ನು ಕೇಳಿ ಒಯ್ದಿದ್ದಳು. ಕೆಸರಿನಲ್ಲಿ ಜಾರಿ ಗಾಡಿ ಎಡಕ್ಕೆ ಮಲಗಿತು, ಕಾಲು ಅದರಡಿ ಸಿಕ್ಕಿತು. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ತಾಯಿ ಕಂಡು ಕೈಕೊಡುವ ಹೊತ್ತಿಗೆ ಅರ್ಧ ತಾಸು ಕಳೆದಿತ್ತು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಮೂರು ವಾರ ಹರಡು ಬಾತುಕೊಂಡು ಮನೆಯಲ್ಲೇ ಕೂತಳು.

ಮನೆಯಲ್ಲಿ ಪಂಚಾಯ್ತಿ ಸೇರಿತು. "ಹೆಣ್ಣುಡುಗಿಗೆ ಗಂಡುಗಾಡಿ ಯಾಕ ಬೇಕ? ಟಂಟಂದಾಗ ಹೋಗಲಿ" ಎಂದರು ಹಿರಿಯರು. ಟಂಟಂ ಡಾಂಬರಿನ ಕೊನೆಗೆ ಇಳಿಸುತ್ತದೆ, ಮುಂದಿನ ಮೂರು ಕಿಲೋಮೀಟರ್ ಯಾರು ನಡೆಯುವವರು? ಅವಳು ಮಾತ್ರ ಹಟ ಹಿಡಿದಳು. "ಬಿದ್ದದ್ದು ನಾ ಅಲ್ಲ, ಗಾಡಿ ನನಗ ಹೊಂದಲಿಲ್ಲ" ಎಂದಳು. ಕೇಳಿದಾಗ ಉದ್ಧಟತನ ಅನ್ನಿಸಿದ ಆ ಮಾತು, ಆಮೇಲೆ ಯೋಚಿಸಿದರೆ ನಿಜವೆನ್ನಿಸಿತು. ಅಳತೆ ನೋಡದೆ ರವಿಕೆ ಹೊಲಿಸುವುದಿಲ್ಲ ನಾವು. ಕೈಕಾಲಿನ ಜೀವ ಒಪ್ಪಿಸುವ ವಾಹನವನ್ನು ಯಾರದೋ ಅಳತೆಗೆ ಏರುತ್ತೇವಲ್ಲ!

ಆಗಿನಿಂದ ಚಿಗವ್ವ-ಮಗಳು ಇಬ್ಬರೂ ಈ ವಿದ್ಯೆಗೆ ಬಿದ್ದೆವು. ಅಲ್ಲಿ ಕಲಿತದ್ದನ್ನು ಹಂಚಿಕೊಳ್ಳೋಣವೆಂದು ಈ ಬರಹ. ಹೊಲಕ್ಕೆ, ಶಾಲೆಗೆ, ಅಂಗನವಾಡಿಗೆ, ಹೆರಿಗೆ ನೋಡಲು ಕಚ್ಚಾ ದಾರಿಯಲ್ಲಿ ಹೋಗುವ ಸೋದರಿಯರು ಕಡಿಮೆಯೇನಿಲ್ಲ. ಸುಮ್ಮನೆ ಹುಮ್ಮಸ್ಸಿಗೆ ಗುಡ್ಡ ಹತ್ತುವ ಆಸೆಯಿದ್ದರೂ ತಪ್ಪೇನು?

ಎರಿಯ ಗುಣ

ಮೊದಲು ನೆಲದ ಗುಣ ತಿಳಿಯಬೇಕು. ನಮ್ಮ ಕಪ್ಪು ಎರಿ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಡೋಣಿ ಬಂದರೆ ಓಣಿ ತುಂಬ ಕಾಳು ಎಂಬ ಮಾತು ಇದೇ ಮಣ್ಣಿನ ಹೆಗ್ಗಳಿಕೆ. ಆದರೆ ಅದೇ ಡೋಣಿ ತುಂಬಿದಾಗ ಸಾತಿಹಾಳದ ಸೇತುವೆಯ ಮೇಲೆ ನೀರು ಹರಿಯುವುದನ್ನೂ ಕಂಡವರು ನಾವು. ಆಗ ಯಾವ ಗಾಡಿಯಾದರೂ ದಂಡೆಯಲ್ಲೇ ನಿಲ್ಲಬೇಕು. ಹರಿವ ನೀರಿನೊಡನೆ ಧೈರ್ಯ ತೋರಿಸುವ ಮಾತೇ ಬೇಡ.

ಹಸಿ ಎರಿಯಲ್ಲಿ ನಡೆದರೆ ಚಪ್ಪಲಿಗೆ ರೊಟ್ಟಿಹಿಟ್ಟಿನಂತೆ ಹತ್ತಿ, ಹತ್ತು ಹೆಜ್ಜೆಗೆ ಕಾಲು ಎತ್ತದಂತಾಗುತ್ತದಲ್ಲವೇ? ಗಾಲಿಗೂ ಅದೇ ಗತಿ. ಗಾಲಿಗೂ ಮಡಗಾರ್ಡಿಗೂ ನಡುವೆ ಮಣ್ಣು ಗಿಡಿದು, ಕೊನೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಮಳೆಗಾಲದಲ್ಲಿ ಮುಂದಿನ ಮಡಗಾರ್ಡನ್ನೇ ಬಿಚ್ಚಿಟ್ಟು ಓಡಾಡುವ ರೈತರನ್ನು ನೀವು ನೋಡಿರಬಹುದು. ಸಾಹಸದ ಗಾಡಿಗಳಿಗೆ ಮುಂದಿನ ಮಡಗಾರ್ಡು ಹಕ್ಕಿಯ ಕೊಕ್ಕಿನಂತೆ ಎತ್ತರದಲ್ಲಿರುವುದು ಚಂದಕ್ಕಲ್ಲ, ಇದಕ್ಕೇ. ದೊಡ್ಡ ಮುಂಗಾಲಿಯೂ ಹಾಗೆಯೇ. ಸ್ಕೂಟರಿನ 10-12 ಇಂಚಿನ ಗಾಲಿ ಬೇಸಿಗೆಯ ಬಿರುಕಿನಲ್ಲಿ ಇಳಿದು ಕೂತರೆ, 21 ಇಂಚಿನ ಗಾಲಿ ಅದರ ಮೇಲೆ ದಾಟಿಹೋಗುತ್ತದೆ. ಎತ್ತಿನ ಬಂಡಿಯ ಗಾಲಿ ದೊಡ್ಡದಿರುವುದು ಯಾಕೆಂದು ನಮ್ಮ ಹಿರಿಯರನ್ನು ಕೇಳಿದ್ದರೆ ಸಾಕಿತ್ತು!

ಎತ್ತರವೋ, ಭಾರವೋ?

ನಾವು ನೋಡಿದ ಗಾಡಿಗಳು ಮುಖ್ಯವಾಗಿ ಎರಡು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಒಂದು. 2019ರಲ್ಲಿ ಬಂದು, 2021ರಲ್ಲಿ ನಾಲ್ಕು ವಾಲ್ವಿನದಾದ ಹೀರೋ ಎಕ್ಸ್‌ಪಲ್ಸ್ 200 ಇನ್ನೊಂದು. ಆಮೇಲೆ 2023ರಲ್ಲಿ ಹಿಮಾಲಯನ್ 450, 2025ರಲ್ಲಿ ಎಕ್ಸ್‌ಪಲ್ಸ್ 210 ಬಂದಿವೆ. ನಮ್ಮ ಕೈಗೆ ಎಟುಕಿದ್ದು ಹಳೆಯವು, ಅದೂ ಸೆಕೆಂಡ್ ಹ್ಯಾಂಡ್. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಹೆಸರಿನಲ್ಲಿ 2022ರಲ್ಲಿ ಬಂದ ಅಡ್ವೆಂಚರ್ ಎಂಬುದನ್ನೂ ಮಗಳು ಆಸೆಯಿಂದ ನೋಡಿದಳು. ಆ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ತಂದೆಯವರ ಕಾಲದ ಜಾವಾದ ಸದ್ದು ನೆನಪಾಗಿ ನನಗೂ ಮನಸ್ಸು ಹರಿದಿತ್ತು, ಸುಳ್ಳೇಕೆ ಹೇಳಲಿ.

ಪೇಚು ಬಂದದ್ದು ಇಲ್ಲಿ. ಹಿಮಾಲಯನ್ 411ರ ಸೀಟು ನೆಲದಿಂದ 800 ಮಿಲಿಮೀಟರ್. ಎಕ್ಸ್‌ಪಲ್ಸಿನದು ಸುಮಾರು 825. ನಮ್ಮ ಹುಡುಗಿ ಐದಡಿ ಎರಡಂಗುಲ. ಮೊದಲನೆಯದರ ಮೇಲೆ ಕೂತರೆ ಕಾಲು ಚೆನ್ನಾಗಿ ಊರುತ್ತದೆ, ಎರಡನೆಯದರಲ್ಲಿ ತುದಿಬೆರಳಷ್ಟೆ. "ಕಾಲು ಊರೋದೇ ತಗೋ" ಎಂದೆ ನಾನು. ಆದರೆ ಮೊದಲನೆಯದರ ತೂಕ ಹತ್ತಿರಹತ್ತಿರ 200 ಕಿಲೋ, ಎರಡನೆಯದು 160ರ ಒಳಗೆ. ನಡುವೆ 40 ಕಿಲೋ, ಅಂದರೆ ಒಂದು ದೊಡ್ಡ ಜೋಳದ ಚೀಲ!

ಕೂತು ನೋಡಿದರೆ ಈ ಚೀಲ ಗೊತ್ತಾಗುವುದಿಲ್ಲ. ಮಲಗಿಸಿ ಎತ್ತಿದರೆ ಗೊತ್ತಾಗುತ್ತದೆ. ಪರಿಚಯದವರ ಗಾಡಿಗಳನ್ನು ಕಣದಲ್ಲಿ ಹುಲ್ಲು ಹಾಸಿ ಮಲಗಿಸಿ ಎತ್ತಿಸಿದೆವು. ಭಾರದ್ದನ್ನು ಮೂರು ಸಲ ಯತ್ನಿಸಿ ಬಿಟ್ಟಳು, ಹಗುರದ್ದನ್ನು ಎರಡನೆಯ ಸಲಕ್ಕೆ ನಿಲ್ಲಿಸಿದಳು. ತೀರ್ಮಾನ ಅಲ್ಲೇ ಆಯಿತು. ಹಿಮಾಲಯನ್ನಿಗೆ ಕೊಕ್ಕಿನ ಜೊತೆಗೆ ಗಾಲಿಗೆ ಹತ್ತಿದಂತೆ ಕೆಳಗೊಂದು ಮಡಗಾರ್ಡೂ ಇದೆ, ಎರಿಯಲ್ಲಿ ಅದೊಂದು ತೊಡಕು. ದೂರದ ಪ್ರಯಾಣಕ್ಕೆ ಅದೇ ಸುಖವಾದ ಗಾಡಿ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೊಲದಲ್ಲಿ ಒಬ್ಬಳೇ ಬೀಳುವವಳಿಗೆ ಎದ್ದು ಬರುವ ಲೆಕ್ಕವೇ ಮುಖ್ಯ.

ಎತ್ತುವ ರೀತಿಯನ್ನೂ ಹೇಳಿಬಿಡುತ್ತೇನೆ. ಮೊದಲು ಇಂಜಿನ್ ಬಂದು ಮಾಡಿ. ಗಾಡಿ ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಿ, ಇಲ್ಲವಾದರೆ ಎತ್ತಿದ್ದು ಆ ಕಡೆಗೆ ಉರುಳುತ್ತದೆ. ಗೇರಿನಲ್ಲಿದ್ದರೆ ಗಾಲಿ ಉರುಳದು. ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತಿ ಕುಕ್ಕರಿಸಿ. ಒಂದು ಕೈಯಲ್ಲಿ ನೆಲದ ಕಡೆಯ ಹ್ಯಾಂಡಲ್ಲನ್ನು ಪೂರಾ ತಿರುಗಿಸಿ ಹಿಡಿಯಿರಿ, ಇನ್ನೊಂದರಲ್ಲಿ ಹಿಂದಿನ ಹಿಡಿಕೆ. ಬೆನ್ನು ನೆಟ್ಟಗಿಟ್ಟು ತೊಡೆಯ ಬಲದಿಂದ ಸಣ್ಣ ಹೆಜ್ಜೆ ಹಿಂದಕ್ಕೆ ಹಾಕುತ್ತ ಏಳಬೇಕು. ತುಂಬಿದ ಕೊಡ ಎತ್ತುವವರಿಗೆ ಈ ಹದ ಬೇಗ ಸಿಗುತ್ತದೆ. ಬಸುರಿಯರು, ನಡು ನೋವಿರುವವರು ಮಾತ್ರ ಈ ಗೋಜಿಗೆ ಹೋಗಬಾರದು.

ಅಂಗಡಿಯ ಒಂದು ಮಾತು. ಪಟ್ಟಣದ ಒಂದು ಮಾರಾಟದಂಗಡಿಗೆ ಹೋದಾಗ, ಹಣ ಕೊಡುವವಳು, ಓಡಿಸುವವಳು ಎದುರಿಗೇ ನಿಂತಿದ್ದರೂ, ಮಾರುವವನು ಮಾತನಾಡಿದ್ದೆಲ್ಲ ಜೊತೆಗೆ ಬಂದ ಸೋದರಮಾವನೊಡನೆ. "ಮೇಡಂಗೆ ಸ್ಕೂಟಿ ತೋರಿಸ್ಲಾ?" ಎಂದು ಬೇರೆ! ಹೆಸರು ಬೇಡ ಬಿಡಿ. ಎದ್ದು ಬಂದೆವು.

ಇನ್ನೊಂದು ಎಚ್ಚರಿಕೆ. ಸ್ಕೂಟರು ಕಲಿತ ನಮ್ಮಲ್ಲಿ ಬಹಳ ಮಂದಿಯ ಲೈಸೆನ್ಸು ಗೇರಿಲ್ಲದ ಗಾಡಿಯದು. ಗೇರಿನ ಗಾಡಿಗೆ ಅದು ನಡೆಯದು, ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯುತ್ತಾರೆ. ನಮ್ಮವಳದೂ ಹಾಗೇ ಇತ್ತು. ಮಾವನ ಗಾಡಿ ಒಯ್ದ ದಿನ ಅದು ಯಾರ ತಲೆಗೂ ಹೊಳೆದಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಪರೀಕ್ಷೆ ಕೊಟ್ಟು ಹೊಸದಾಗಿ ಸೇರಿಸಿಕೊಂಡ ಮೇಲೇ ಗಾಡಿ ಮನೆಗೆ ಬಂತು.

ದರ್ಜಿಯ ಟೇಪು ತನ್ನಿರಿ

ಗಾಡಿ ಬಂದ ದಿನವೇ ಮೆಕ್ಯಾನಿಕ್ಕು "ಸೀಟಿನ ಸ್ಪಂಜು ಕೊಯ್ಸಿಬಿಡ್ರಿ, ಇಲ್ಲಾಂದ್ರ ಹಿಂದಿನ ಲಿಂಕ್ ಬದಲಿಸಿ ಗಾಡೀನ ತಗ್ಗಿಸ್ತೀನಿ" ಎಂದ. ಎರಡನ್ನೂ ತಡೆಯಿರಿ. ಸ್ಪಂಜು ಕೊಯ್ದರೆ ಕುಂಡಿಗೆ ಹಲಗೆ, ಗಾಡಿ ತಗ್ಗಿಸಿದರೆ 220 ಮಿಲಿಮೀಟರಿನ ನೆಲದಂತರ ಕಳೆದುಕೊಂಡು ಬದುವಿನ ಕಲ್ಲು ಇಂಜಿನ್ನಿಗೆ ಬಡಿಯುತ್ತದೆ. ಅದಕ್ಕೆ ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಕೆಲಸ, ಹಿಂದಿನ ಸ್ಪ್ರಿಂಗಿನ ಬಿಗಿ ನೋಡುವುದು.

ಹೊಲಿಗೆಯ ಟೇಪು ಸಾಕು. ಇಬ್ಬರು ಗಾಡಿಯ ಹಿಂಭಾಗ ಎತ್ತಿ ಹಿಡಿಯಲಿ. ಗಾಲಿ ತೂಗುವಾಗ ಅದರ ಅಚ್ಚಿನಿಂದ ನೇರ ಮೇಲಿನ ಒಂದು ಬೋಲ್ಟಿನವರೆಗೆ ಅಳೆಯಿರಿ. ಈಗ ಹೆಲ್ಮೆಟ್ಟು, ಬೂಟು, ಚೀಲ ಸಮೇತ ಸವಾರಳು ಕೂರಲಿ, ಒಬ್ಬರು ಹ್ಯಾಂಡಲ್ ಹಿಡಿಯಲಿ, ಎರಡೂ ಕಾಲು ಪೆಡಲಿನ ಮೇಲೆ. ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ, ಹಿಂದಿನ ಗಾಲಿ ಒಟ್ಟು ಆಡುವ ದೂರದ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ ಇರಬೇಕು. ಎಕ್ಸ್‌ಪಲ್ಸ್ 200ರಲ್ಲಿ ಆ ದೂರ 170 ಮಿಲಿಮೀಟರ್, ಅಂದರೆ 50ರ ಆಸುಪಾಸು. ನಮ್ಮ ಹುಡುಗಿಗೆ ಬಂದದ್ದು 34! ಹಿಂದಿನ ಮಾಲೀಕರ ಮೈಗೆ ಬಿಗಿಮಾಡಿದ್ದ ಸ್ಪ್ರಿಂಗು 52 ಕಿಲೋದ ಅವಳನ್ನು ಉಬ್ಬಿನ ಮೇಲೆ ಚೆಂಡಿನಂತೆ ಎಸೆಯುತ್ತಿತ್ತು. ಸಡಿಲಿಸಿದ ಮೇಲೆ 47ಕ್ಕೆ ಬಂತು. ಗಾಡಿ ಮೆತ್ತಗಾಯಿತು, ಅದರ ಜೊತೆಗೆ ಸೀಟೂ ಒಂದಿಷ್ಟು ಕೆಳಗಿಳಿದು ಪಾದದ ಮುಂಭಾಗ ಪೂರ್ತಿ ಊರಿತು. ಸ್ಪಂಜಿಗೆ ಕತ್ತರಿ ಬೀಳಲಿಲ್ಲ. ನಿಲ್ಲಿಸುವಾಗ ಸೊಂಟವನ್ನು ಒಂದು ಬದಿಗೆ ಸರಿಸಿ ಎಡಗಾಲನ್ನು ಪೂರಾ ಊರುವ ಅಭ್ಯಾಸ ಮಾಡಿದ್ದಾಳೆ, ಎರಡೂ ಕಾಲು ಊರಲೇಬೇಕೆಂಬ ಹಟ ಬೇಡ.

ಕ್ಲಚ್ಚು, ಬ್ರೇಕಿನ ಲಿವರುಗಳನ್ನು ಎರಡೇ ಬೆರಳು ಎಳೆಯುವಂತೆ ಒಳಕ್ಕೆ ಸರಿಸಿ, ಸ್ವಲ್ಪ ಕೆಳಮುಖವಾಗಿ ತಿರುಗಿಸಿಸಿದೆವು. ಕಚ್ಚಾ ದಾರಿಯಲ್ಲಿ ಎದ್ದು ನಿಂತು ಓಡಿಸಬೇಕಾಗುತ್ತದೆ. ಆಗ ಮಣಿಕಟ್ಟು ಮುರಿದಂತೆ ಮೇಲಕ್ಕೆ ಬಾಗಬಾರದು. ಬಿಗಿಯುವ ಸ್ಕ್ರೂ ಅತಿಯಾಗಿ ಬಿಗಿಯಬೇಡಿ, ಬಿದ್ದಾಗ ಲಿವರು ತಿರುಗಿಕೊಂಡರೆ ಉಳಿಯುತ್ತದೆ, ಬಿಗಿಯಿದ್ದರೆ ಮುರಿಯುತ್ತದೆ. ಕೈಗಾವಲು ಮತ್ತು ಇಂಜಿನ್ನಿನ ಕೆಳಗಿನ ತಗಡು, ಇವೆರಡು ಕೊಳ್ಳಲೇಬೇಕಾದವು. ಮಂಜುದೀಪ, ದೊಡ್ಡ ಪೆಟ್ಟಿಗೆ, ಸದ್ದಿನ ಸೈಲೆನ್ಸರು ಇವೆಲ್ಲ ಭಾರ, ಕೊನೆಯದು ಕಾನೂನಿಗೂ ವಿರುದ್ಧ.

ಗಾಳಿಯ ವಿಚಾರದಲ್ಲಿ ಬಹಳ ಮಂದಿ ಏಮಾರುತ್ತಾರೆ. ಡಾಂಬರಿನಲ್ಲಿ ಕಂಪನಿ ಹೇಳಿದಷ್ಟೇ ಇರಲಿ. ಕೆಸರಿಗಿಳಿಯುವ ಮುಂಚೆ 18-20 ಪೌಂಡಿಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಅದಕ್ಕಿಂತ ಇಳಿಸಿದರೆ ಕಲ್ಲು ತಗುಲಿ ಟ್ಯೂಬು ಚಿವುಟಿ ಹರಿಯುತ್ತದೆ. ರಸ್ತೆಗೆ ಬಂದೊಡನೆ ಮತ್ತೆ ತುಂಬಬೇಕು. ಕಡ್ಡಿಗಾಲಿಯೊಳಗೆ ಟ್ಯೂಬಿರುವುದರಿಂದ ಮತ್ತು ನಮ್ಮ ಬದುಗಳಲ್ಲಿ ಬಳ್ಳಾರಿ ಜಾಲಿ ಮುಳ್ಳಿಗೆ ಬರವಿಲ್ಲದ್ದರಿಂದ, ಕೈಪಂಪು, ಎರಡು ಟೈರು ಲಿವರು, ಒಂದು ಟ್ಯೂಬು ಜೊತೆಗಿರಲೇಬೇಕು. ಪಂಕ್ಚರು ಹಾಕುವುದನ್ನು ಮನೆಯಂಗಳದಲ್ಲೇ ಎರಡು ಸಲ ಕಲಿತಳು. ಮೊದಲ ಸಲ ತಾನೇ ಲಿವರಿನಿಂದ ಟ್ಯೂಬು ತೂತು ಮಾಡಿದಳು ಅನ್ನಿ!

ಅದೇ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ನೀರು ಇರಲಿ ಎನ್ನುವುದು ನನ್ನ ಸೇರ್ಪಡೆ.

ಉಡುಪು ಮತ್ತು ಮನೆಯ ಮಾತು

ದುಪಟ್ಟಾ, ಸೆರಗು ಎರಡೂ ಬೇಡ. ಹಾರಾಡುವ ಬಟ್ಟೆ ಚೈನಿಗೋ ಗಾಲಿಗೋ ಸುತ್ತಿಕೊಂಡರೆ ಕೊರಳಿಗೇ ಬರುತ್ತದೆ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟು, ಹರಡು ಮುಚ್ಚುವ ಬೂಟು, ಕೈಗವಸು, ಮೊಣಕಾಲಿನ ಕವಚ ಬೇಕು. ಅವಳ ಹರಡು ಬಾತದ್ದು ತೆಳು ಚಪ್ಪಲಿಯಿಂದ. ಆದ್ದರಿಂದ ಗಾಡಿಗೆ ತೆಗೆದಿಟ್ಟ ಹಣದಲ್ಲೇ ಇವನ್ನೂ ಸೇರಿಸಿ ಲೆಕ್ಕ ಹಾಕಿದೆವು. ಸೆಕೆಂಡ್ ಹ್ಯಾಂಡ್ ಗಾಡಿಗೆ ಹೋದ ಕಾರಣಗಳಲ್ಲಿ ಅದೂ ಒಂದು.

ಹೆಣ್ಣುಮಕ್ಕಳಿಗೆ ಈ ವಿದ್ಯೆ ಒಗ್ಗದೆಂಬವರಿಗೆ ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯ ಹೆಸರು ಹೇಳಬಹುದು. 2019ರಲ್ಲಿ ಮರಳು, ಕಲ್ಲು ದಾರಿಗಳ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದಾಕೆ. ಮೋಟಾರು ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿ ತಂದ ಮೊದಲ ಭಾರತೀಯಳು. ನಾನೂ ಮನೆಯಲ್ಲಿ ಈ ಮಾತನ್ನೇ ಹೇಳಿದೆ. ಆದರೆ ಆಯಿಗೆ ಅದು ತಾಗಲಿಲ್ಲ. ಅವರು ಒಪ್ಪಿದ್ದು ಬೇರೆ ತರ್ಕದಿಂದ. "ನಮ್ಮೂರ ಮಲ್ಲಯ್ಯನೇ ರಾವುತರಾಯ, ಕುದರಿ ಏರಿದಾವ. ಏರಲಿ ಬಿಡು. ಆದ್ರ ಹೊಂಡೂ ಮುಂದ ಹೇಳಿ ಹೋಗಲಿ" ಎಂದರು. ಈಗ ಎರಿ ದಾರಿಗಿಳಿಯುವ ಮೊದಲೊಮ್ಮೆ, ದಾಟಿದ ಮೇಲೊಮ್ಮೆ ಫೋನು ಬರುತ್ತದೆ. ಬಾರದಿದ್ದರೆ ಹುಡುಕಲು ಎಲ್ಲಿಗೆ ಹೋಗಬೇಕೆಂದು ನಮಗೆ ಗೊತ್ತು.

ಈ ಹಿಂಗಾರಿಯಲ್ಲಿ ಎರಡು ಸಲ ಬಿದ್ದಿದ್ದಾಳೆ. ಎರಡು ಸಲವೂ ತಾನೇ ಎತ್ತಿ ಶಾಲೆಗೆ ಮುಟ್ಟಿದ್ದಾಳೆ. ಮಳೆ ಜೋರು ಹೊಡೆದ ಮರುದಿನ ಮಾತ್ರ ಗಾಡಿಯನ್ನು ಡಾಂಬರಿನ ಕೊನೆಯ ಮನೆಯಲ್ಲಿ ನಿಲ್ಲಿಸಿ ನಡೆದೇ ಹೋಗುತ್ತಾಳೆ. ಅಂಥ ಎರಿಗೆ ಯಾವ ಗಾಡಿಯೂ ನಡೆಯದು.

ಸಂಜೆ ಬಂದ ಮೇಲೆ ಒಂದು ಕೆಲಸ ತಪ್ಪಿಸಬಾರದು. ಎರಿ ಒಣಗಿದರೆ ಇಟ್ಟಿಗೆ, ಹಸಿಯಿದ್ದಾಗಲೇ ಕೋಲಿನಿಂದ ಕೆತ್ತಿ ತೊಳೆಯಬೇಕು. ಇಂಜಿನ್ನಿನ ರೆಕ್ಕೆಗಳ ನಡುವೆ ಮಣ್ಣು ಉಳಿದರೆ ಅದು ಕಾದುಹೋಗುತ್ತದೆ. ಗಾಲಿಯ ಬೇರಿಂಗಿಗೆ ನೀರನ್ನು ರಭಸವಾಗಿ ಬಿಡಬೇಡಿ. ಚೈನಿಗೆ ಸೀಮೆಎಣ್ಣೆ, ಮೆತ್ತನೆಯ ಬ್ರಷ್ಷು, ತಂತಿಯದು ಬೇಡ. ಒರೆಸಿದ ಮೇಲೆ 90 ನಂಬರಿನ ಗೇರ್ ಎಣ್ಣೆ ಸವರಿ. ನಮ್ಮ ಮನೆಯಲ್ಲಿ ಸೀಮೆಎಣ್ಣೆಯ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಬಂದು ಕೂತದ್ದಕ್ಕೆ ನನಗೂ ಮಗಳಿಗೂ ಇನ್ನೂ ಜಗಳ ನಡೆದಿದೆ.