ಹಳಿ ನೇರ, ಹಾಸು ನೇರವೆ?

1953ರಲ್ಲಿ ಎಚ್.ಎಂ.ಟಿ. ಸ್ಥಾಪನೆಯಾದ ಬಳಿಕ ಬೆಂಗಳೂರು ಯಂತ್ರೋಪಕರಣಗಳ ನಗರವೆಂದು ಹೆಸರಾಯಿತು. ಲೇತ್ ಯಂತ್ರದ ಬೀಡುಕಬ್ಬಿಣದ ಹಾಸನ್ನು ನುರಿತ ಕುಶಲಿಗರು ಕೈಯಿಂದ ಹೆರೆದು ಸಮಗೊಳಿಸುವುದು ಆ ಕಾಲದ ವಾಡಿಕೆ.

ಇಂದು ಹೊಸಕೆರೆಹಳ್ಳಿಯ ಮನೆಯ ಮಹಡಿಯಲ್ಲಿ ಮರ ಕೆತ್ತುವ ಸಿ.ಎನ್.ಸಿ. ಯಂತ್ರವನ್ನು ತಾನೇ ಕಟ್ಟಹೊರಡುವ ತರುಣನಿಗೆ ಸಾಣೆಹಿಡಿದ ಉಕ್ಕಿನ ಹಳಿ ಅಂಗಡಿಯಲ್ಲಿಯೇ ದೊರೆಯುತ್ತದೆ. ತುದಿಗಳಲ್ಲಿ ಮಾತ್ರ ಆಧಾರವುಳ್ಳ ದುಂಡು ಸಲಾಕೆ ಅಗ್ಗವಾದರೂ ನಡುವೆ ಬಾಗುತ್ತದೆ. ಚೌಕ ಹಳಿಯ ಮೇಲೆ ಉಕ್ಕಿನ ಗುಂಡುಗಳ ಮೂಲಕ ಸರಿಯುವ ಬ್ಲಾಕು ಎಲ್ಲ ದಿಕ್ಕಿನ ಭಾರವನ್ನೂ ತಾಳುತ್ತದೆ. ಮನೆಯ ಯಂತ್ರಕ್ಕೆ 15 ಅಥವಾ 20 ಮಿಲಿಮೀಟರ್ ಅಳತೆಯದು ಸಾಕು.

ತೊಡಕಿರುವುದು ಜೋಡಣೆಯಲ್ಲಿ. ಹಳಿ ಎಷ್ಟೇ ನೇರವಿರಲಿ, ಬೋಲ್ಟು ಬಿಗಿದೊಡನೆ ಹಾಸಿನ ಡೊಂಕು ಅದಕ್ಕೂ ಬರುತ್ತದೆ. ಹಳಿಗಳೆರಡು ಸಮಾನಾಂತರವಾಗಿರದಿದ್ದರೆ ಮೇಲಿನ ಅಡ್ಡತೊಲೆ ಸಿಕ್ಕಿಕೊಳ್ಳುತ್ತದೆ; ಮೋಟಾರು ಹೆಜ್ಜೆ ತಪ್ಪುತ್ತದೆ; ಕೆತ್ತಬೇಕಾದ ವೃತ್ತ ಮೊಟ್ಟೆಯಾಕಾರ ತಾಳುತ್ತದೆ. ತಿಂಗಳುಗಳ ಉಳಿತಾಯ ನೀರುಪಾಲು!

ಆದುದರಿಂದ ಮೊದಲು ಹಾಸನ್ನು ಸಮಗೊಳಿಸಿ, ತಗ್ಗಿರುವೆಡೆ ತೆಳು ತಗಡನ್ನು ಕೊಡಬೇಕು. ಒಂದು ಹಳಿಯನ್ನು ನೇರಪಟ್ಟಿಗೆ ಒತ್ತಿ ಬಿಗಿಯಬೇಕು. ಎರಡನೆಯದನ್ನು ಸಡಿಲವಾಗಿಯೇ ಇರಿಸಿ, ಅಡ್ಡತೊಲೆಯನ್ನು ತುದಿಯಿಂದ ತುದಿಗೆ ಸರಿಸುತ್ತ, ಅದರ ಪಕ್ಕದ ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯುತ್ತ ಸಾಗಬೇಕು. ಮೊದಲನೆಯ ಹಳಿ ದಾರಿ ತೋರುತ್ತದೆ, ಎರಡನೆಯದು ಅನುಸರಿಸುತ್ತದೆ. ಬ್ಲಾಕನ್ನು ಹಳಿಯಿಂದ ಕಳಚಿದರೆ ಗುಂಡುಗಳು ನೆಲದ ಪಾಲಾದಾವು, ಎಚ್ಚರ!

ಮೋಟಾರು ಜೋಡಿಸುವ ಮುನ್ನ ಅಡ್ಡತೊಲೆಯನ್ನು ಬೆರಳಿನಿಂದ ತಳ್ಳಿ ನೋಡಬೇಕು. ಆದ್ಯಂತ ಒಂದೇ ಹಗುರವಾಗಿ ಸರಿದರೆ ಅರ್ಧ ಗೆದ್ದಂತೆಯೇ. ಹಳಿ ಹಣಕ್ಕೆ ದೊರೆಯುತ್ತದೆ. ಹಿಂದಿನ ಕುಶಲಿಗರ ತಾಳ್ಮೆಯನ್ನು ಮಾತ್ರ ಮನೆಯಲ್ಲಿಯೇ ರೂಢಿಸಿಕೊಳ್ಳಬೇಕು.