ಅಜಂತದ ಹಡಗನ್ನು ತಿರುಗಿಸುವುದು ಹೇಗೆ?

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಕ್ಕೆ ಹೋದರೆ ಎರಡನೇ ಗುಹೆಯ ಪೂರ್ಣಾವದಾನ ಎಂಬ ಬೌದ್ಧ ಕಥೆಯ ಚಿತ್ರವನ್ನು ಹುಡುಕಿ ನೋಡಿ. ಕಡಲಿನಿಂದ ಇಷ್ಟು ದೂರದ ಬೆಟ್ಟದಲ್ಲಿ, ಸುಮಾರು 5ನೇ ಶತಮಾನದಲ್ಲಿ, ಯಾರೋ ಹಡಗೊಂದನ್ನು ಬರೆದಿದ್ದಾರೆ. ಮೂರು ಕೂವೆಕಂಬ, ಪ್ರತಿ ಕಂಬಕ್ಕೂ ಎತ್ತರದ ಕಿರಿದಾದ ಹಾಯಿ. ಮುಂತುದಿಯಲ್ಲಿ ಗಾಳಿಗೆ ಉಬ್ಬಿದ ಇನ್ನೊಂದು ಹಾಯಿ, ಕೆಳಗೆ ಬಣ್ಣದ ಕಣ್ಣು. ಹಿಂಬದಿಯಲ್ಲಿ ಗಡಿಗೆಗಳ ಸಾಲು. ಹಡಗನ್ನು ಕಂಡವನೇ ಬರೆದದ್ದು ಅನಿಸುತ್ತದೆ.

ಚುಕ್ಕಾಣಿ ಮಾತ್ರ ನಾವು ಬಲ್ಲಂಥದ್ದಲ್ಲ. ಹಿಂಬದಿಯ ನಡುವಿಗೆ ಜೋಡಿಸಿದ ಹಲಗೆ ಇಲ್ಲಿಲ್ಲ. ಹಿಂದಿನ ಪಕ್ಕಕ್ಕೆ ಹಗ್ಗದಿಂದ ಬಿಗಿದ ದೊಡ್ಡ ಹುಟ್ಟಿದೆ. ಇದನ್ನು ದೋಣಿಯ ಹುಟ್ಟಿನಂತೆ ಎಳೆಯುವುದಿಲ್ಲ. ದಂಡವನ್ನು ಇದ್ದಲ್ಲೇ ಹೊರಳಿಸಿದರೆ ನೀರೊಳಗಿನ ಅಗಲ ಹಲಗೆ ಓರೆಯಾಗುತ್ತದೆ, ಓಡುವ ನೀರು ಅದನ್ನು ಒತ್ತಿ ಹಡಗಿನ ಹಿಂಬದಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಳಿಗೆ ಹಡಗು ವಾಲಿದಾಗ ಒಂದು ಪಕ್ಕದ ಹುಟ್ಟು ನೀರಿನಿಂದ ಮೇಲೇಳಬಹುದು, ಅದಕ್ಕೇ ಎರಡು ಬೇಕು. ಸಾತವಾಹನ ದೊರೆ ಯಜ್ಞಶ್ರೀ ಶಾತಕರ್ಣಿಯ ನಾಣ್ಯಗಳಲ್ಲೂ ಎರಡು ಕಂಬದ ಹಡಗಿದೆ. ಕಂಬಗಳನ್ನು ಹಿಡಿದಿಟ್ಟ ಹಗ್ಗಗಳನ್ನೂ ಆ ಪುಟ್ಟ ನಾಣ್ಯದಲ್ಲಿ ಅಚ್ಚೊತ್ತಿದ್ದಾರೆ. ಹಾಯಿ ತುಂಬಿದಾಗ ಬೀಳುವ ಒತ್ತಡವನ್ನು ಕಂಬವೊಂದೇ ತಡೆಯಲಾರದು, ಸುತ್ತಲಿನ ಹಗ್ಗಗಳು ಅದನ್ನು ಹಂಚಿಕೊಳ್ಳುತ್ತವೆ.

ಹಲಗೆಗೆ ಹಲಗೆ ಹೇಗೆ ಕೂಡಿತ್ತು ಎನ್ನುವುದನ್ನು ಚಿತ್ರ ಹೇಳುವುದಿಲ್ಲ. ಅಜಂತದ ಆ ಹಡಗನ್ನು ಮತ್ತೆ ಕಟ್ಟಹೊರಟಾಗ ತೊಡಕಾದದ್ದು ಇಲ್ಲೇ. ನಕ್ಷೆ ಇಲ್ಲ, ಅಳತೆ ಇಲ್ಲ. ಗೋವೆಯಲ್ಲಿ ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಹಲಗೆಗಳ ಅಂಚಿಗೆ ತೂತು ಕೊರೆದು, ಸಂದಿಗೆ ನಾರು ತುಂಬಿ, ತೆಂಗಿನ ನಾರಿನ ಹುರಿಯಿಂದ ಹೊಲಿದು, ರಾಳ ಬಳಿದರು. ಮಾದರಿಯ ಪರೀಕ್ಷೆ ಮದ್ರಾಸ್ ಐಐಟಿಯಲ್ಲಿ ನಡೆಯಿತು. ಹಾಯಿಯ ಮೇಲೆ ಗಂಡಭೇರುಂಡ, ನಮ್ಮ ರಾಜ್ಯಲಾಂಛನದಲ್ಲಿರುವ ಹಕ್ಕಿಯೇ. 2025ರ ಮೇ 21ರಂದು ಕಾರವಾರದಲ್ಲಿ 'ಕೌಂಡಿನ್ಯ' ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿದ ಈ ಹಡಗು, ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು.

ಮೊಳೆ ಹೊಡೆದ ಹಡಗಿಗಿಂತ ಹೊಲಿದ ಹಡಗಿನ ಮೈ ತುಸು ಬಳುಕುತ್ತದೆ, ಮರಳುದಿಬ್ಬಕ್ಕೆ ತಾಗಿದರೆ ಅದೇ ಕಾಪಾಡುತ್ತದೆ. ಆದರೆ ನಾರು ಕೊಳೆಯುವ ವಸ್ತು. ಹಳೆಯ ಕಾಲದ ಇಂಥ ಹಡಗುಗಳನ್ನು ಆಗಾಗ ದಡಕ್ಕೆಳೆದು, ಹುರಿ ಬಿಚ್ಚಿ, ಮತ್ತೆ ಹೊಲಿಯುತ್ತಿದ್ದರು.