ಹೀಬ್ರೂ ಮತ್ತು ಫ್ರೆಂಚ್: ಕನ್ನಡ ಕಲಿಕಾರ್ಥಿಯ ನೆಲೆಯಿಂದ ಒಂದು ತೌಲನಿಕ ವಿವೇಚನೆ

ಅನ್ಯಭಾಷೆಯೊಂದನ್ನು ಕಲಿಯಲು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಯಾವುದು ಸುಲಭ?’ ಎಂಬುದು. ಹೀಬ್ರೂ ಮತ್ತು ಫ್ರೆಂಚ್ ಭಾಷೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದು ಚಲಾವಣೆಯಲ್ಲಿದೆ: ಫ್ರೆಂಚ್ ಸುಲಭ, ಹೀಬ್ರೂ ಕಠಿಣ. ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆಯು ಫ್ರೆಂಚ್ ಕಲಿಕೆಗೆ ಸುಮಾರು 30 ವಾರಗಳನ್ನೂ ಹೀಬ್ರೂ ಕಲಿಕೆಗೆ ಸುಮಾರು 44 ವಾರಗಳನ್ನೂ ನಿಗದಿಪಡಿಸಿರುವುದು ಇದಕ್ಕೆ ಆಧಾರವಾಗಿ ಉಲ್ಲೇಖಗೊಳ್ಳುತ್ತದೆ. ಆದರೆ ಆ ಅಳತೆಗೋಲು ಇಂಗ್ಲಿಷ್ ಬಲ್ಲವರ ಅನುಭವದಿಂದ ರೂಪುಗೊಂಡದ್ದು. ಕನ್ನಡದ ನೆಲೆಯಿಂದ ನೋಡಿದರೆ ಎರಡೂ ಭಾಷೆಗಳಲ್ಲಿ ಕಷ್ಟವಿದೆ, ಆದರೆ ಅದು ಎದುರಾಗುವ ಸ್ಥಳವೂ ಕಾಲವೂ ಬೇರೆ ಬೇರೆ. ಇದನ್ನು ಸ್ಪಷ್ಟಪಡಿಸುವುದೇ ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಫ್ರೆಂಚ್ ಲ್ಯಾಟಿನ್‌ನಿಂದ ಕವಲೊಡೆದ ಇಂಡೋ-ಯುರೋಪಿಯನ್ ಭಾಷೆ. ಹೀಬ್ರೂ ಅರೇಬಿಕ್, ಅರಾಮಿಕ್‌ಗಳಂತೆ ಸೆಮಿಟಿಕ್ ಶಾಖೆಗೆ ಸೇರಿದ್ದು. ದ್ರಾವಿಡ ಪರಿವಾರದ ಕನ್ನಡಕ್ಕೆ ಎರಡೂ ಬಂಧುಗಳಲ್ಲ. ಇಂಗ್ಲಿಷಿನಲ್ಲಿ ಫ್ರೆಂಚ್ ಮೂಲದ ಪದಗಳು ಹೇರಳವಾಗಿರುವುದರಿಂದ ಇಂಗ್ಲಿಷ್ ಓದುಗರಿಗೆ ಫ್ರೆಂಚ್ ಪುಟದಲ್ಲಿ ಪರಿಚಿತ ಪದಗಳು ಅನೇಕ ಕಾಣುತ್ತವೆ. ಕನ್ನಡಿಗರಿಗೆ ಈ ಲಾಭ ತಮ್ಮ ಇಂಗ್ಲಿಷ್ ಜ್ಞಾನದ ಅಳತೆಗೆ ತಕ್ಕಷ್ಟೇ ದೊರೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಮೇಲಿನ ಸಿದ್ಧ ಉತ್ತರವನ್ನು ನಂಬಿ ಫ್ರೆಂಚನ್ನು ಆರಿಸಿಕೊಂಡು, ನಿರೀಕ್ಷಿಸಿದ ಸುಲಭತೆ ಕಾಣದಿದ್ದಾಗ, ದೋಷವನ್ನು ತನ್ನ ಬುದ್ಧಿಶಕ್ತಿಯ ಮೇಲೆ ಹೊರಿಸಿಕೊಂಡು ಕಲಿಕೆಯನ್ನೇ ಕೈಬಿಡುವ ಅಪಾಯವಿದೆ.

ಫ್ರೆಂಚಿನ ಮುಖ್ಯ ಕಷ್ಟ ಕಿವಿಯದು. ಬರೆದ ಅಕ್ಷರಗಳಲ್ಲಿ ಹಲವು ಉಚ್ಚಾರಗೊಳ್ಳುವುದಿಲ್ಲ. ‘ಹುಳು’, ‘ಕಡೆಗೆ’, ‘ಗಾಜು’, ‘ಹಸಿರು’ ಎಂಬ ಅರ್ಥದ ನಾಲ್ಕು ಪದಗಳನ್ನು ನಾಲ್ಕು ಬಗೆಯಲ್ಲಿ ಬರೆದರೂ ನಾಲ್ಕೂ ‘ವೇರ್’ ಎಂದೇ ಕೇಳಿಸುತ್ತವೆ. ಇತರೆಡೆ ಮೌನವಾಗಿರುವ ಪದಾಂತ್ಯ ವ್ಯಂಜನವು ಮುಂದೆ ಸ್ವರ ಬಂದಾಗ ಎಚ್ಚರಗೊಳ್ಳುವುದೂ ಉಂಟು: ‘ಲೆ’ ಮತ್ತು ‘ಅಮಿ’ ಕೂಡಿದಾಗ ‘ಲೆಜಾಮಿ’ (ಸ್ನೇಹಿತರು) ಎಂದಾಗುತ್ತದೆ. ಸಂಧಿಯನ್ನು ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ಹೊಸದಲ್ಲ. ಆದರೆ ಕನ್ನಡದಲ್ಲಿ ಸಂಧಿಯಾದುದು ಬರವಣಿಗೆಯಲ್ಲಿ ಕಾಣುತ್ತದೆ, ಫ್ರೆಂಚಿನಲ್ಲಿ ಕಾಣುವುದಿಲ್ಲ. ಅನುನಾಸಿಕ ಸ್ವರಗಳಿಗೂ, ತುಟಿಯನ್ನು ದುಂಡಾಗಿಸಿ ಉಚ್ಚರಿಸುವ ಮುಂಸ್ವರಗಳಿಗೂ ಹೊಸ ಅಭ್ಯಾಸ ಬೇಕು. ಒಂದು ಅನುಕೂಲವೂ ಇದೆ. ಫ್ರೆಂಚಿನ ಪ, ತ, ಕ ಧ್ವನಿಗಳು ಕನ್ನಡದವುಗಳಂತೆಯೇ ಅಲ್ಪಪ್ರಾಣಗಳು. ಇಂಗ್ಲಿಷಿನ ರೂಢಿಯಿಂದ ಬಂದ ‘ಟ’ಕಾರವನ್ನು ಬಿಟ್ಟು ‘ತ’ಕಾರವನ್ನು ಬಳಸಿದರೆ ಉಚ್ಚಾರಣೆಯ ಅರ್ಧ ತೊಡಕು ನೀಗುತ್ತದೆ.

ಹೀಬ್ರೂವಿನ ಮುಖ್ಯ ಕಷ್ಟ ಕಣ್ಣಿನದು. ಆಧುನಿಕ ಹೀಬ್ರೂವಿನಲ್ಲಿರುವುದು ಐದೇ ಮೂಲ ಸ್ವರಗಳು; ಗಂಟಲಿನ ಒಂದೆರಡು ಧ್ವನಿಗಳನ್ನು ಬಿಟ್ಟರೆ ಉಚ್ಚಾರಣೆ ಕನ್ನಡಿಗರಿಗೆ ದುಸ್ಸಾಧ್ಯವಲ್ಲ. ಬಲದಿಂದ ಎಡಕ್ಕೆ ಬರೆಯುವ 22 ಅಕ್ಷರಗಳ ಲಿಪಿಯೂ ಬೇಗ ಕೈಗೂಡುತ್ತದೆ. ತೊಡಕು ಆಮೇಲೆ ತೋರುತ್ತದೆ: ಪತ್ರಿಕೆಗಳಲ್ಲಿ, ಕಾದಂಬರಿಗಳಲ್ಲಿ, ಬೀದಿಯ ಫಲಕಗಳಲ್ಲಿ ಸ್ವರಚಿಹ್ನೆಗಳು ಸಾಮಾನ್ಯವಾಗಿ ಇರುವುದಿಲ್ಲ. ಗುಣಿತಾಕ್ಷರಕ್ಕೆ ಒಗ್ಗಿದ ಕಣ್ಣಿಗೆ ಇದು ದೊಡ್ಡ ಕೊರತೆ. ಸಾಮೆಖ್, ಪೆ, ರೇಶ್ ಎಂಬ ಮೂರು ಅಕ್ಷರಗಳ ಒಂದೇ ಬರಹವನ್ನು ‘ಸೆಫೆರ್’ (ಪುಸ್ತಕ), ‘ಸಪರ್’ (ಕ್ಷೌರಿಕ), ‘ಸಫರ್’ (ಎಣಿಸಿದನು) ಎಂದು ಮೂರು ಬಗೆಯಾಗಿ ಓದಬಹುದು. ಯಾವುದು ಸರಿ ಎಂಬುದನ್ನು ವಾಕ್ಯವೇ ನಿರ್ಣಯಿಸಬೇಕು. ಹೀಬ್ರೂವಿನಲ್ಲಿ ಓದಿ ಅರ್ಥ ತಿಳಿಯುವುದಕ್ಕೆ ಮೊದಲು, ಅರ್ಥ ಊಹಿಸಿ ಓದುವುದನ್ನು ಕಲಿಯಬೇಕಾಗುತ್ತದೆ.

ಈ ಊಹೆಗೆ ಆಧಾರ ಭಾಷೆಯ ಪದರಚನೆಯಲ್ಲಿಯೇ ಇದೆ. ಕನ್ನಡದಲ್ಲಿ ‘ಬರೆ’ ಎಂಬುದರಿಂದ ಬರಹ, ಬರವಣಿಗೆ, ಬರಹಗಾರ ಎಂದು ಪ್ರತ್ಯಯಗಳು ಕೊನೆಗೆ ಸೇರುತ್ತವೆ. ಹೀಬ್ರೂವಿನಲ್ಲಿ ಮೂಲ ವ್ಯಂಜನಗಳ ನಡುವೆ ಸ್ವರಗಳು ಬದಲಾಗುತ್ತವೆ: ‘ಕತವ್’ (ಬರೆದನು), ‘ಮಿಖ್ತಾವ್’ (ಪತ್ರ), ‘ಕ್ತೊವೆತ್’ (ವಿಳಾಸ), ‘ಹಿಖ್ತಿವ್’ (ಹೇಳಿ ಬರೆಸಿದನು). ವೇದ–ವೈದಿಕ, ಮುಖ–ಮೌಖಿಕ ಎಂಬ ಸಂಸ್ಕೃತಮೂಲದ ಜೋಡಿಗಳಲ್ಲಿ ಪದದ ಒಳಗಿನ ಸ್ವರ ಬದಲಾಗುವುದನ್ನು ಬಲ್ಲವರಿಗೆ ಇದರ ಸೂಚನೆ ಸಿಕ್ಕೀತು. ಕ್ರಿಯಾಪದಗಳಿಗೆ ಇಂತಹ ಏಳು ಅಚ್ಚುಗಳಿವೆ. ಅವು ಮನದಟ್ಟಾದ ಮೇಲೆ ಒಂದು ಧಾತುವಿನ ಪರಿಚಯ ಹಲವು ಪದಗಳ ಬಾಗಿಲನ್ನು ತೆರೆಯುತ್ತದೆ.

ವಾಕ್ಯರಚನೆಯಲ್ಲಿ ಕನ್ನಡವು ಹೀಬ್ರೂ ಕಲಿಕೆಗೆ ಅನಿರೀಕ್ಷಿತವಾಗಿ ನೆರವಾಗುತ್ತದೆ. ‘ನಾನು ಶಿಕ್ಷಕ’ ಎನ್ನುವಲ್ಲಿ ಕನ್ನಡದಂತೆ ಹೀಬ್ರೂವಿಗೂ ಕ್ರಿಯಾಪದ ಬೇಕಿಲ್ಲ, ಫ್ರೆಂಚಿಗೆ ಬೇಕು. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬ ಚತುರ್ಥೀ ಪ್ರಯೋಗಕ್ಕೆ ಸಮೀಪವಾದ ‘ಯೆಶ್ ಲಿ’ (ನನಗೆ ಇದೆ) ಹೀಬ್ರೂವಿನಲ್ಲಿದೆ. ಫ್ರೆಂಚಿನಲ್ಲಿ ಒಡೆತನವನ್ನು ಹೇಳಲು ಪ್ರತ್ಯೇಕ ಕ್ರಿಯಾಪದವಿದೆ. ಬರೆದನು, ಬರೆದಳು ಎಂಬ ಭೇದವನ್ನು ಹೀಬ್ರೂವಿನ ‘ಕತವ್’, ‘ಕತ್ವಾ’ ರೂಪಗಳೂ ತೋರುತ್ತವೆ. ಮರ್ಯಾದೆಯ ವಿಷಯದಲ್ಲಿ ಮಾತ್ರ ಫ್ರೆಂಚ್ ನಮಗೆ ಹತ್ತಿರ: ನೀನು–ನೀವು ಭೇದ ಅಲ್ಲಿಯೂ ಉಂಟು. ಹೀಬ್ರೂ ಆ ಭೇದವನ್ನು ಮಾಡದೆ, ಗಂಡಸಿಗೆ ‘ಅತಾ’, ಹೆಂಗಸಿಗೆ ‘ಅತ್’ ಎಂದು ಲಿಂಗಭೇದವನ್ನು ಮಾಡುತ್ತದೆ.

ನಾಮಪದಗಳ ಲಿಂಗ ಎರಡರಲ್ಲೂ ಸಮಾನ ತೊಡಕು. ಕನ್ನಡದಲ್ಲಿ ಲಿಂಗ ಬಹುಮಟ್ಟಿಗೆ ಅರ್ಥವನ್ನು ಅನುಸರಿಸುತ್ತದೆ. ಈ ಭಾಷೆಗಳಲ್ಲಿ ಜಡವಸ್ತುಗಳೂ ಪುಲ್ಲಿಂಗ ಅಥವಾ ಸ್ತ್ರೀಲಿಂಗವಾಗಬೇಕು. ಫ್ರೆಂಚಿನಲ್ಲಿ ಸೂರ್ಯ ಪುಲ್ಲಿಂಗ, ಚಂದ್ರ ಸ್ತ್ರೀಲಿಂಗ. ಆಧುನಿಕ ಹೀಬ್ರೂವಿನಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಇಲ್ಲಿ ತರ್ಕಕ್ಕಿಂತ ಕಂಠಪಾಠವೇ ಹೆಚ್ಚು ಉಪಯುಕ್ತ.

ಈ ಹೋಲಿಕೆಯಿಂದ ಕಲಿಕೆಯ ಕ್ರಮವೂ ತಿಳಿಯುತ್ತದೆ. ಫ್ರೆಂಚ್ ಕಲಿಯುವವರು ಮೊದಲ ದಿನದಿಂದಲೇ ಪಾಠವನ್ನು ಕೇಳುತ್ತ ಓದಬೇಕು; ಕಣ್ಣಿನಿಂದ ಮಾತ್ರ ಕಲಿತವರಿಗೆ ತಾವು ಓದಬಲ್ಲ ಪದವೇ ಮಾತಿನಲ್ಲಿ ಗುರುತು ಸಿಗದೆ ಹೋಗುತ್ತದೆ. ಹೀಬ್ರೂ ಕಲಿಯುವವರು ಸ್ವರಚಿಹ್ನೆಗಳಿರುವ ಪಾಠದಿಂದ ಆರಂಭಿಸಿ, ಧಾತು ಮತ್ತು ಅಚ್ಚುಗಳು ಪರಿಚಿತವಾದಂತೆ ಆ ಊರುಗೋಲನ್ನು ಕ್ರಮೇಣ ಬಿಡಬೇಕು. ಫ್ರೆಂಚಿನಲ್ಲಿ ಓದು ಮುಂದೆ ಸಾಗಿ ಕಿವಿ ಹಿಂದುಳಿಯುತ್ತದೆ; ಹೀಬ್ರೂವಿನಲ್ಲಿ ಮಾತು ಮುಂದೆ ಸಾಗಿ ಓದು ಹಿಂದುಳಿಯುತ್ತದೆ. ತನಗೆ ಬೇಕಾದದ್ದು ಮಾತೋ ಓದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡವರಿಗೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ನಡುದಾರಿಯಲ್ಲಿ ಎದುರಾಗುವ ಹಿನ್ನಡೆ ಭಾಷೆಯ ಸ್ವಭಾವದಿಂದ ಬಂದದ್ದೆಂದು ತಿಳಿದಿರುವುದರಿಂದ ಅವರು ಎದೆಗುಂದುವುದೂ ಇಲ್ಲ.